ಬಿಸ್ಕೋಚೊ ಕಟ್ಟಿದ ಕಾಗದ

ಶನಿವಾರ ಬೆಳಿಗ್ಗೆ ನನ್ನ ಮೊದಲ ಕೆಲಸ ಆಟದ ಇಟ್ಟಿಗೆ ತೊಳೆಯುವುದು. ಕೆಂಪು, ನೀಲಿ, ಹಳದಿ ಪ್ಲಾಸ್ಟಿಕ್ ಇಟ್ಟಿಗೆಗಳು, ಎರಡು ಬಕೆಟ್ ತುಂಬ. ಸೋಪಿನ ನೀರಲ್ಲಿ ನೆನೆಸಿ, ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಗುಬಟುಗಳ ನಡುವೆ ಉಜ್ಜಿ, ಟವೆಲಿನ ಮೇಲೆ ಬೋರಲು ಹಾಕುತ್ತೇನೆ. ಮಕ್ಕಳು ಅವನ್ನು ಬಾಯಿಗೆ ಇಡುತ್ತಾರೆ, ಅದಕ್ಕೆ. ಎದುರಿಗೆ ಈ ಮನೆ ನಡೆಸುವ ದೋನ್ಯಾ ನೆಲ್ಬಾ, ಅಂದರೆ ನೆಲ್ಬಾ ಅಮ್ಮನವರು, ಕೂತು ಆ ದಿನದ ಕಡತಗಳನ್ನು ಓದುತ್ತಾರೆ. ಅರ್ಧ ಗಂಟೆ ಇಬ್ಬರೂ ಮಾತಾಡುವುದಿಲ್ಲ. ಬ್ರಷ್ಷಿನ ಸದ್ದು, ಹಾಳೆ ತಿರುವುವ ಸದ್ದು, ಅಷ್ಟೇ.

ನಮ್ಮದು ಪೈಸಾಂದು ಊರಿನ ಒಂದು ಮೂಲೆಮನೆ. ಹಿಂದೆ ಬಟ್ಟೆ ಅಂಗಡಿಯಾಗಿತ್ತು, ಆದ್ದರಿಂದ ಎರಡು ಬೀದಿಗೆ ಎರಡು ಬಾಗಿಲು. ಹಸಿರು ಬಾಗಿಲಿನಿಂದ ಮಗುವನ್ನು ನೋಡಲು ಬರುವವರು, ಹಳದಿ ಬಾಗಿಲಿನಿಂದ ಮಗುವನ್ನು ಕರೆತರುವವರು. ಹಸಿರಿನವರು ಕಾಲು ಗಂಟೆ ಮೊದಲೇ ಬಂದು ಒಳಗೆ ಕೂರಬೇಕು. ಭೇಟಿ ಮುಗಿದು ಮಗು ಹಳದಿ ಬಾಗಿಲಿನಿಂದ ಹೋದ ಮೇಲೆ ಮತ್ತೆ ಕಾಲು ಗಂಟೆ ಅಲ್ಲೇ ಕಾಯಬೇಕು. ಬೇರೆಯಾದ ಅಪ್ಪ ಅಮ್ಮ ಒಬ್ಬರ ಮುಖ ಒಬ್ಬರು ನೋಡದೆ ಮಗು ಮಾತ್ರ ಇಬ್ಬರನ್ನೂ ನೋಡುವುದಕ್ಕಾಗಿ ಇರುವ ಮನೆ ಇದು. ನ್ಯಾಯಾಧೀಶರು ಆದೇಶ ಕಳಿಸುತ್ತಾರೆ, ನೆಲ್ಬಾ ಗಂಟೆ ಗೊತ್ತುಮಾಡುತ್ತಾರೆ, ನಾನು ತೊಳೆಯುತ್ತೇನೆ.

ತೊಳೆಯುವುದಲ್ಲದೆ ನನಗೆ ಇನ್ನೊಂದು ಕೆಲಸವಿದೆ. ಹೆಸರು ತೆಗೆಯುವುದು. ಕೆಲವು ಅಮ್ಮಂದಿರು ಎಲ್ಲಿ ಮನೆ ಮಾಡಿದ್ದಾರೆಂದು ಯಾರಿಗೂ ಗೊತ್ತಾಗಬಾರದು. ಆದರೆ ಮಗುವಿನ ಮೈಮೇಲೆ ಊರಿನ ಗುರುತು ಅಂಟಿಕೊಂಡೇ ಬರುತ್ತದೆ. ಕೋಟಿನ ಜೇಬಲ್ಲಿ ಬಸ್ ಟಿಕೆಟ್, ಪುಸ್ತಕದ ಮೇಲೆ ಶಾಲೆಯ ಚೀಟಿ, ಔಷಧದ ಬಾಟಲಿಯ ಮೇಲೆ ಅಂಗಡಿಯ ವಿಳಾಸ. ಹಳದಿ ಬಾಗಿಲಲ್ಲಿ ನಾನು ಮಗುವಿನ ಚೀಲ ಇಸಿದುಕೊಂಡು ಅಡುಗೆಮನೆಗೆ ಒಯ್ದು ಇವನ್ನೆಲ್ಲ ತೆಗೆದಿಡುತ್ತೇನೆ, ಹೋಗುವಾಗ ವಾಪಸು ಹಾಕುತ್ತೇನೆ. ತಿಂಡಿ ತಂದಿದ್ದರೆ ಪೊಟ್ಟಣ ಬಿಚ್ಚಿ ತಟ್ಟೆಗೆ ಹಾಕಿ ಕೊಡಬೇಕು.

ಭೇಟಿಯ ಹೊತ್ತಲ್ಲಿ ಮೂಲೆಯ ಸ್ಟೂಲಿನ ಮೇಲೆ ಕೂತು ನೋಡುವುದೂ ನಾನೇ. ಆಮೇಲೆ ದೊಡ್ಡ ಪುಸ್ತಕದಲ್ಲಿ ಬರೆಯಬೇಕು. ಎರಡನೇ ವರ್ಷಕ್ಕೆ ಹೈಸ್ಕೂಲು ಬಿಟ್ಟವಳಿಗೆ ಅದೇ ಕಷ್ಟದ ಕೆಲಸ. ಸೇರಿದ ದಿನ ನೆಲ್ಬಾ ಹೇಳಿದ್ದರು: "ಕಂಡಿದ್ದು ಬರಿ, ಕೇಳಿದ್ದು ಬರಿ. ನಿಂಗೆ ಅನ್ಸಿದ್ದನ್ನ ಮನೆಗೆ ತಗೊಂಡ್ಹೋಗು, ಗುರಿಸಾ." ನನ್ನ ಹೆಸರು ಯಾನಿನಾ. ಆದರೆ ಈ ಕಡೆ ಹುಡುಗಿಯರನ್ನೆಲ್ಲ ಗುರಿಸಾ ಎಂದೇ ಕರೆಯುತ್ತಾರೆ, ಮದುವೆಯಾಗಿ ಮಕ್ಕಳಾಗುವವರೆಗೂ.

ಐನಾರಾಳ ಶನಿವಾರಗಳು ಮಾರ್ಚಿನಲ್ಲಿ ಶುರುವಾದವು. ಅವಳಿಗೆ ಏಳು ವರ್ಷ. ಅಪ್ಪ ಅಡೆಮಾರ್ ಗಾರೆ ಕೆಲಸದವನು, ದೊಡ್ಡ ಆಳು, ಉಗುರಿನ ಸುತ್ತ ಯಾವಾಗಲೂ ಸುಣ್ಣ. ಅವನು ಅವಳಮ್ಮ ನೊಯೆಲಿಯಾಳ ಮಣಿಕಟ್ಟು ಮುರಿದಿದ್ದ. ಅವಳು ಮನೆ ಬಿಟ್ಟಳು. ಅವನು ಹೊಸ ಮನೆ ಹುಡುಕಿಕೊಂಡು ಹೋಗಿ ಎದುರಿನ ಫುಟ್‌ಪಾತಿನಲ್ಲಿ ನಿಂತ. ಬಾಗಿಲು ತಟ್ಟಲಿಲ್ಲ, ಬೈಯಲಿಲ್ಲ. ಸಂಜೆಯೆಲ್ಲ ನಿಂತ, ಮರುದಿನವೂ ನಿಂತ. ಅವಳು ಮತ್ತೆ ಮನೆ ಬದಲಾಯಿಸಿದಳು, ಅಲ್ಲಿಗೂ ಹೋಗಿ ನಿಂತ. ಮೂರನೇ ಸಲ ಅವಳು ಊರನ್ನೇ ಬಿಟ್ಟಳು. ಈಗ ಎಲ್ಲಿದ್ದಾಳೆಂದು ನೆಲ್ಬಾ ಅವರಿಗೆ ಗೊತ್ತಿತ್ತು. ನನಗೂ ಗೊತ್ತಿತ್ತು, ಯಾರೂ ಹೇಳಿದ್ದರಿಂದಲ್ಲ, ಮಗುವಿನ ಕೋಟಿನ ಜೇಬಿನ ಟಿಕೆಟಿನಿಂದ. ಗಿಚೋನ್. ಬಸ್ಸಿನಲ್ಲಿ ಎರಡು ಗಂಟೆ.

ಮೊದಲ ದಿನ ಅಡೆಮಾರ್ ಬಗಲಲ್ಲಿ ಬಿಸಿನೀರಿನ ಫ್ಲಾಸ್ಕು, ಕೈಯಲ್ಲಿ ಮಾಟೆ ಸೊಪ್ಪಿನ ಕಷಾಯ ಹೀರುವ ಸೋರೆಬುರುಡೆ ಹಿಡಿದೇ ಬಂದಿದ್ದ. ಆಟದ ಕೋಣೆಗೆ ಬಿಸಿನೀರು ತರುವಂತಿಲ್ಲ ಎಂದು ನೆಲ್ಬಾ ಕೈಚಾಚಿದರು.

"ಒಂದು ಗಂಟೆ ಮಾಟೆ ಇಲ್ದೇನಾ?" ಎಂದ ಅವನು. "ಇಷ್ಟು ದೊಡ್ಡ ಶಿಕ್ಷೆ ಆ ಜಡ್ಜಿಗೂ ಹೊಳೀಲಿಲ್ಲ ದೋನ್ಯಾ."

"ಜಡ್ಜಿಗೆ ಹೊಳೀಲಿಲ್ಲ, ನಂಗೆ ಹೊಳೀತು. ಇಡಿ ಕಪಾಟಿನ ಮೇಲೆ."

ಅವನು ಇಟ್ಟ. ಐನಾರಾ ಆ ದಿನ ಮೇಜಿನ ಕೆಳಗೆ ಕೂತವಳು ಹೊರಗೆ ಬರಲೇ ಇಲ್ಲ. ಎರಡನೇ ಶನಿವಾರ ಕೋಟು ಬಿಚ್ಚದೆ ಹಳದಿ ಬಾಗಿಲ ಹತ್ತಿರ ನಿಂತಿದ್ದಳು. ಮೂರನೆಯ ಸಲ ಅವನು ಅವಳನ್ನು ಕರೆಯುವುದನ್ನು ಬಿಟ್ಟು ನೆಲದ ಮೇಲೆ ಕೂತು, ಆ ಪ್ಲಾಸ್ಟಿಕ್ ಇಟ್ಟಿಗೆಗಳಿಂದ ಒಂದು ಗೋಡೆ ಕಟ್ಟತೊಡಗಿದ. ಕಟ್ಟುತ್ತ ಗೊಣಗಿದ:

"ನಿಲ್ಲಲ್ಲ ಈ ಗೋಡೆ. ಕೆಲ್ಸ ಬರ್ದೇ ಇರೋ ಕತ್ತೆ ಯಾವ್ದೋ ಕಟ್ಟಿರೋದು."

"ಯಾವ ಕತ್ತೆ?" ಎಂದಳು ಬಾಗಿಲ ಹತ್ತಿರದಿಂದ.

"ಇಲ್ಲಿ ಕೂತಿದ್ಯಲ್ಲ, ಇದೇ. ಇಷ್ಟು ದೊಡ್ಡ ಕಿವಿ ಕಾಣಲ್ವಾ?"

ಅವಳು ನಗಲಿಲ್ಲ. ಆದರೆ ಎರಡು ಹೆಜ್ಜೆ ಹತ್ತಿರ ಬಂದಳು. ಪುಸ್ತಕದಲ್ಲಿ ನಾನು 'ಎರಡು ಹೆಜ್ಜೆ' ಎಂದೇ ಬರೆದೆ. ಐದನೇ ಶನಿವಾರ ಅವನ ಪಕ್ಕ ಕೂತಳು. ಸಂದಿಯ ಮೇಲೆ ಸಂದಿ ಬರಬಾರದು, ಪ್ರತಿ ಇಟ್ಟಿಗೆಯೂ ಕೆಳಗಿನ ಎರಡರ ಮೇಲೆ ಕೂರಬೇಕು ಎಂದು ಅವನು ಹೇಳಿಕೊಟ್ಟ. ಆಮೇಲೆ ಅವಳು ನನ್ನನ್ನೇ ಬೈಯುವ ಮಟ್ಟಕ್ಕೆ ಬಂದಳು. "ಯಾನಿ, ನೀನು ಜೋಡ್ಸಿರೋದು ಬಿದ್ದೋಗುತ್ತೆ. ಸಂದಿ ಮೇಲೆ ಸಂದಿ ಇಟ್ಟಿದ್ಯಾ, ನೋಡು!" ಅವಳು ಹೋಗುವಾಗ ಗೋಡೆ ಎಷ್ಟಾಗಿರುತ್ತಿತ್ತೋ ಅಷ್ಟನ್ನು ಹಲಗೆಯ ಸಮೇತ ಎತ್ತಿ ನಾನು ಬೀರುವಿನ ಮೇಲೆ ಇಡುತ್ತಿದ್ದೆ. ಆ ಇಟ್ಟಿಗೆಗಳನ್ನು ಮಾತ್ರ ತೊಳೆಯುತ್ತಿರಲಿಲ್ಲ. ನೆಲ್ಬಾ ಕಂಡೂ ಕಾಣದ ಹಾಗೆ ಇದ್ದರು.

ಒಂಬತ್ತನೇ ಶನಿವಾರ ಬಸ್ಸು ತಡವಾಯಿತು. ಹತ್ತು ಗಂಟೆಯ ಭೇಟಿಗೆ ನೊಯೆಲಿಯಾ ಹತ್ತೂಕಾಲಿಗೆ ಓಡೋಡಿ ಬಂದಳು. ಐನಾರಾ ಒಂದು ಪೊಟ್ಟಣವನ್ನು ಎದೆಗೆ ಅವುಚಿಕೊಂಡಿದ್ದಳು. ಬಿಸ್ಕೋಚೊ ಪೊಟ್ಟಣ. ಬೆಣ್ಣೆ, ಕೊಬ್ಬು ಹಾಕಿ ಸುಟ್ಟ ಈ ತಿಂಡಿ ಇಲ್ಲದೆ ನಮ್ಮಲ್ಲಿ ಯಾರ ಮನೆಯ ವಾರದ ಕೊನೆಯೂ ಸಾಗುವುದಿಲ್ಲ. ಬೇಕರಿಯವರು ತೂಕ ಮಾಡಿ ಕಾಗದದಲ್ಲಿ ಸುತ್ತಿ ದಾರ ಕಟ್ಟಿಕೊಡುತ್ತಾರೆ.

"ಕೊಡು ಪುಟ್ಟಾ, ತಟ್ಟೆಗೆ ಹಾಕ್ಕೊಂಡು ಬರ್ತೀನಿ," ಎಂದೆ.

"ಕೊಡಲ್ಲ. ನಾನೇ ಆರ್ಸಿದ್ದು. ನಾನೇ ಅಪ್ಪಂಗೆ ಕೊಡ್ಬೇಕು."

ಎಂಟು ವಾರದಲ್ಲಿ ಅವಳು ಅಪ್ಪನಿಗೆಂದು ಏನನ್ನಾದರೂ ತಂದದ್ದು ಅದೇ ಮೊದಲು. ನಾನು ಕೈ ಹಿಂದಕ್ಕೆ ತೆಗೆದುಕೊಂಡೆ. ಅವಳು ಕೊಡಲಿ, ಕೊಟ್ಟ ಮೇಲೆ ಒಳಗೆ ಒಯ್ದರಾಯಿತು ಎಂದುಕೊಂಡೆ.

ಅವಳು ಪೊಟ್ಟಣವನ್ನು ಮೇಜಿನ ನಡುವೆ ಇಟ್ಟಳು. ಅಡೆಮಾರ್ ಎರಡೂ ಕೈ ಮಂಡಿಯ ಮೇಲೆ ಇಟ್ಟುಕೊಂಡು ಅದನ್ನೇ ನೋಡಿದ, ಮುಟ್ಟಲಿಲ್ಲ. ಅವಳು ದಾರದ ಗಂಟಿನ ಜೊತೆ ಗುದ್ದಾಡಿದಳು. ಗಂಟು ಬಿಗಿಯಾಗಿತ್ತು. "ಯಾನಿ, ಬಿಚ್ಕೊಡೇ," ಎಂದು ನನ್ನ ಕಡೆ ನೂಕಿದಳು.

ನಾನು ದಾರ ಜಾರಿಸಿ ಪೊಟ್ಟಣವನ್ನು ನಡುವೆ ಹರಿದು ಮೇಜಿನ ಮೇಲೆ ಅಗಲವಾಗಿ ಬಿಡಿಸಿಟ್ಟೆ. ನಮ್ಮ ಊರಿನ ಮನೆಗಳಲ್ಲಿ ಯಾರೂ ಬಿಸ್ಕೋಚೊವನ್ನು ತಟ್ಟೆಗೆ ಹಾಕುವುದಿಲ್ಲ. ಕಾಗದವನ್ನು ಹರಿದು ನಡುವೆ ಹರಡುತ್ತೇವೆ, ಸುತ್ತ ಕೂತು ಅದರ ಮೇಲಿಂದಲೇ ತೆಗೆದು ತಿನ್ನುತ್ತೇವೆ. ನಡೆಯಲು ಬಂದಾಗಿನಿಂದ ನಾನು ಮಾಡಿದ ಕೆಲಸ ಅದು. ಕೈ ಮಾಡಿತು. ತಲೆ ಆಮೇಲೆ ಬಂತು.

ಹರಿದ ಅಂಚು ಮೇಲಕ್ಕೆ ಸುರುಳಿಯಾಗಿ ಅಡೆಮಾರನ ಕಡೆಗೆ ತಿರುಗಿತ್ತು. ಅದರ ಮೇಲೆ ನೀಲಿ ಅಕ್ಷರದಲ್ಲಿ ಬೇಕರಿಯ ಹೆಸರು, ಬೀದಿ, ಗಿಚೋನ್.

ಅವನ ಕಣ್ಣು ಆ ಸಾಲಿನ ಮೇಲೆ ಎಡದಿಂದ ಬಲಕ್ಕೆ ಹೋಯಿತು. ಕೊನೆಯಲ್ಲಿ ನಿಂತಿತು. ಆಮೇಲೆ ಹೆಬ್ಬೆರಳಿನಿಂದ ಆ ಅಂಚನ್ನು ಒಳಕ್ಕೆ ಮಡಚಿ, ಗಾರೆ ಸವರುವ ಹಾಗೆ ಒಂದು ಸಲ ಸವರಿದ. ನನ್ನ ಕಡೆ ನೋಡಲಿಲ್ಲ. ಒಂದು ಬಿಸ್ಕೋಚೊ ತೆಗೆದುಕೊಂಡ, ಹಣ್ಣಿನ ಗಟ್ಟಿ ಪಾಕ ತುಂಬಿದ್ದು.

"ಇದ್ರಲ್ಲಿ ನಂಗೆ ಇದೇ ಇಷ್ಟ ಅಂತ ನಿಂಗೆ ಯಾರು ಹೇಳಿದ್ರು?"

"ಅಮ್ಮ," ಎಂದಳು ಐನಾರಾ.

ಅವನು ಅಗಿಯುವುದನ್ನು ನಿಲ್ಲಿಸಿದ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅಗಿದ.

ಕಾಗದ ತೆಗೆಯಲೆಂದು ನಾನು ಎದ್ದೆ. ತೆಗೆದರೆ ಅದರಲ್ಲಿ ಏನೋ ಇದೆ ಎಂದು ನಾನೇ ತೋರಿಸಿಕೊಟ್ಟ ಹಾಗೆ. ಮತ್ತೆ ಕೂತೆ. ಆ ಗಂಟೆಯೆಲ್ಲ ಅದು ಮೇಜಿನ ಮೇಲೆಯೇ ಇತ್ತು. ಅವರಿಬ್ಬರೂ ಗೋಡೆಯನ್ನು ಅವಳ ಸೊಂಟದವರೆಗೆ ಏರಿಸಿದರು. ಹೋಗುವಾಗ ಐನಾರಾ ನನಗೆ ಬೆರಳು ತೋರಿಸಿ ಹೇಳಿದಳು: "ಬೀಳಿಸ್ಬೇಡ ಮತ್ತೆ. ಮುಂದಿನ ವಾರ ಕಿಟಕಿ ಇಡೋದಿದೆ."

ಅವಳು ಹೋದ ಮೇಲಿನ ಕಾಲು ಗಂಟೆ ಅಡೆಮಾರ್ ಎಂದಿನಂತೆ ಕಪಾಟಿನಿಂದ ಫ್ಲಾಸ್ಕು ಇಳಿಸಿಕೊಂಡ. ಬುರುಡೆಗೆ ನೀರು ಹೊಯ್ದು ತಾನು ಒಂದು ಸಲ ಹೀರಿ, ಮತ್ತೆ ಹೊಯ್ದು ನನಗೆ ಚಾಚಿದ. ಪ್ರತಿವಾರ ಚಾಚುತ್ತಿದ್ದ, ನಾನು ಪ್ರತಿವಾರ ತಲೆ ಅಲ್ಲಾಡಿಸುತ್ತಿದ್ದೆ. ಆ ದಿನ ತೆಗೆದುಕೊಂಡೆ. ಬಾಯಲ್ಲಿ ಮಾಟೆ ಹೀರುವ ಕೊಳವೆ ಇದ್ದರೆ ಮಾತಾಡಬೇಕಾಗಿಲ್ಲ.

"ಕಾಗದ ಬಿಸಾಕ್ಬಿಡು ಗುರಿಸಾ," ಎಂದ. "ಇರುವೆ ಬರುತ್ತೆ."

ಕಾಲು ಗಂಟೆ ಮುಗಿಯಿತು. ಅವನು ಹಸಿರು ಬಾಗಿಲಿನಿಂದ ಹೋದ.

ಅಡುಗೆಮನೆಯಲ್ಲಿ ಕಾಗದವನ್ನು ಕೈಯಲ್ಲಿ ಹಿಡಿದು ನಿಂತೆ. ಒಲೆಯ ಮೇಲೆ ನೀರು ಕಾಯುತ್ತಿತ್ತು. ಉರಿಗೆ ಒಡ್ಡಿದ್ದರೆ ಎರಡು ನಿಮಿಷದ ಕೆಲಸ. ನೋಡಿದವರು ನಾವಿಬ್ಬರೇ, ಅವನು ಹೇಳುವವನಲ್ಲ. ಬರೆದರೆ ನನ್ನ ಕೆಲಸ ಹೋಗಬಹುದೆಂಬ ಹೆದರಿಕೆ ಇತ್ತು. ಆದರೆ ಮೊದಲ ಹೆದರಿಕೆ ಅದಲ್ಲ, ಆ ಕಿಟಕಿ. ಬರೆದರೆ ಐನಾರಾಳ ಶನಿವಾರ ನಿಲ್ಲುತ್ತದೆ. ಬರೆಯದಿದ್ದರೆ ಗಿಚೋನಿನಲ್ಲಿ ಒಂದು ಸಂಜೆ ನೊಯೆಲಿಯಾ ಕಿಟಕಿ ತೆರೆದಾಗ ಎದುರಿನ ಫುಟ್‌ಪಾತಿನಲ್ಲಿ ಇವನು ನಿಂತಿರಬಹುದು. ನಿಂತಿರದೆಯೂ ಇರಬಹುದು. ಎಷ್ಟು ಯೋಚಿಸಿದರೂ ಎರಡರಲ್ಲಿ ಯಾವುದೆಂದು ನನಗೆ ತಿಳಿಯುವಂತಿರಲಿಲ್ಲ. ಅವನು ನೋಡಿದ್ದಾನೆಂಬುದು ನೊಯೆಲಿಯಾಳಿಗಂತೂ ತಿಳಿದಿರಬೇಕಾಗಿತ್ತು.

ಪುಸ್ತಕ ತೆರೆದೆ. ಐದು ಸಾಲಿಗೆ ಅರ್ಧ ಗಂಟೆ ಹಿಡಿಯಿತು. 'ಪೊಟ್ಟಣ ನಾನು ಹರಿದೆ. ಊರಿನ ಹೆಸರು ಮೇಲೆ ಬಂತು. ಅವರು ನೋಡಿದರು. ಅಂಚನ್ನು ಒಳಕ್ಕೆ ಮಡಚಿದರು. ಕಾಗದ ಬಿಸಾಡು ಎಂದರು.' ಆರನೆಯ ಸಾಲಿಗೆ 'ಒಳ್ಳೆಯ ಮನಸ್ಸಿನಿಂದ ಮಡಚಿದರು' ಎಂದು ಬರೆದೆ. ಅದು ನಾನು ಕಂಡದ್ದಲ್ಲ. ಹೊಡೆದುಹಾಕಿದೆ.

ಮಧ್ಯಾಹ್ನ, ಉಳಿದ ಭೇಟಿಗಳೂ ಮುಗಿದ ಮೇಲೆ, ನೆಲ್ಬಾ ಅದನ್ನು ಎರಡು ಸಲ ಓದಿದರು. ಹೊಡೆದುಹಾಕಿದ ಸಾಲನ್ನು ಬೆಳಕಿಗೆ ಹಿಡಿದು ಅದನ್ನೂ ಓದಿದರು.

"ಬರೀ ನೋಡಿದ್ನಾ, ಓದಿದ್ನಾ?"

"ಕಣ್ಣು ಸಾಲಿನ ಉದ್ದಕ್ಕೂ ಹೋಯ್ತು. ಕೊನೇಲಿ ನಿಲ್ತು."

"ಹ್ಞೂಂ. ಓದಿದ್ದಾನೆ." ಕನ್ನಡಕ ತೆಗೆದು ಮೂಗು ಒತ್ತಿಕೊಂಡರು. "ಅವಳಿಗೆ ಈಗ್ಲೇ ಹೇಳ್ಬೇಕು. ನೀನೂ ಇಲ್ಲೇ ಕೂತ್ಕೋ."

ನೊಯೆಲಿಯಾ ಆಗಷ್ಟೇ ಬಸ್ಸಿಳಿದು ಮನೆಗೆ ಬಂದಿದ್ದಳು. ನೆಲ್ಬಾ ಫೋನನ್ನು ಮೇಜಿನ ಮೇಲಿಟ್ಟು ಇಬ್ಬರಿಗೂ ಕೇಳುವಂತೆ ಮಾಡಿ, ನಡೆದದ್ದನ್ನು ಬರೆದ ಹಾಗೆಯೇ ಹೇಳಿದರು.

"ಯಾರು ಬಿಚ್ಚಿದ್ದು?" ಎಂದಳು ನೊಯೆಲಿಯಾ.

"ನಾನು," ಎಂದೆ.

"ತಟ್ಟೆ ಇರ್ಲಿಲ್ವಾ ಯಾನಿನಾ ನಿಮ್ಮಲ್ಲಿ? ಅಷ್ಟು ದೊಡ್ಡ ಮನೇಲಿ ಒಂದು ತಟ್ಟೆ?"

ಇತ್ತು. ಹನ್ನೆರಡು ಇದ್ದವು. ನಾನೇ ತೊಳೆಯುವವಳು.

"ಅವಳನ್ನ ಬೈಬೇಡ ನೊಯೆಲಿಯಾ," ಎಂದರು ನೆಲ್ಬಾ. "ಬರೀದೆ ಇದ್ದಿದ್ರೆ ನಂಗೂ ಗೊತ್ತಾಗ್ತಿರ್ಲಿಲ್ಲ, ನಿಂಗೂ ಗೊತ್ತಾಗ್ತಿರ್ಲಿಲ್ಲ."

"ಬೈದೆ ಇನ್ನೇನು ಮಾಡ್ಲಿ, ಹಾರ ಹಾಕ್ಲಾ? ಶಾಲೆ ಅಡುಗೆಮನೇಲಿ ಕೆಲ್ಸ ಸಿಕ್ಕಿ ಇನ್ನೂ ಮೂರು ತಿಂಗ್ಳು. ಮೊನ್ನೆ ತಾನೆ ಕಿಟಕಿಗೆ ಪರದೆ ಹೊಲ್ದು ಹಾಕ್ದೆ." ಅವಳ ದನಿ ಸ್ವಲ್ಪ ಇಳಿಯಿತು. "ಕಾಗದ ನಾನೇ ಬದಲಾಯಿಸ್ಬೇಕಿತ್ತು. ಬಸ್ಸಲ್ಲಿ ನೆನಪಾಯ್ತು. ಮಗು ತೊಡೆ ಮೇಲೆ ಇಟ್ಕೊಂಡು ಅಷ್ಟು ಖುಷಿಯಾಗಿ ಕೂತಿತ್ತು, ಕಿತ್ಕೊಳ್ಳೋಕೆ ಮನಸ್ಸು ಬರ್ಲಿಲ್ಲ."

"ಯಾರಮ್ಮಾ ಫೋನು?" ಎಂಬ ಐನಾರಾಳ ದನಿ ಹಿಂದಿನಿಂದ ಕೇಳಿಸಿತು.

"ಯಾರೂ ಇಲ್ಲ. ಷೂ ಬಿಚ್ಚಬೇಡ, ಇರು," ಎಂದಳು ನೊಯೆಲಿಯಾ. ಆಮೇಲೆ ನಮಗೆ: "ರಾತ್ರಿಗೆ ಬೇರೆ ಯಾರ ಮನೇಲಾದ್ರೂ ಇರ್ತೀವಿ, ನಾಳೆ ಬೆಳಿಗ್ಗೆ ಊರು ಬಿಟ್ಟು ಹೊರಡ್ತೀನಿ. ಎಲ್ಲಿಗೆ ಅಂತ ದೋನ್ಯಾ ನೆಲ್ಬಾಗೆ ಒಬ್ರಿಗೇ ಹೇಳ್ತೀನಿ."

ನಾನು ಎದ್ದು ಅಡುಗೆಮನೆಗೆ ಹೋದೆ.

ಸೋಮವಾರ ವಕೀಲರು ಕೋರ್ಟಿಗೆ ತಿಳಿಸಿದರು. ಗುರುವಾರ ಆದೇಶ ಬಂತು: ವಿಚಾರಣೆಯವರೆಗೆ ಭೇಟಿ ಇಲ್ಲ. ವಿಚಾರಣೆಗೆ ಐದು ವಾರ ಇತ್ತು. ನೆಲ್ಬಾ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಹಳದಿ ಬಾಗಿಲ ಪಕ್ಕ ಒಂದು ಮೊಳೆ ಹೊಡೆದು ತಗಡಿನ ತಟ್ಟೆಯೊಂದನ್ನು ತೂಗುಹಾಕಿದರು. ಬಾಗಿಲು ತೆರೆದಾಗಲೆಲ್ಲ ಅದು ಗೋಡೆಗೆ ಬಡಿದು ಸದ್ದು ಮಾಡುತ್ತದೆ.

ಅಡೆಮಾರನಿಗೆ ಫೋನಿನಲ್ಲಿ ಹೇಳಬಹುದಿತ್ತು. "ಎದುರಿಗೆ ಹೇಳೋ ವಿಷ್ಯ ಇದು," ಎಂದರು ನೆಲ್ಬಾ. ಶನಿವಾರ ಅವನು ಒಂಬತ್ತೂಮುಕ್ಕಾಲಿಗೆ ಸರಿಯಾಗಿ ಹಸಿರು ಬಾಗಿಲಿನಿಂದ ಬಂದ. ಇಸ್ತ್ರಿ ಮಾಡಿದ ಅಂಗಿ, ಒದ್ದೆ ಕೂದಲು. ಯಾರೂ ಹೇಳುವ ಮೊದಲೇ ಫ್ಲಾಸ್ಕನ್ನು ಕಪಾಟಿನ ಮೇಲಿಟ್ಟ. ಜೇಬಿನಿಂದ ಬೆಂಕಿಪೊಟ್ಟಣದಷ್ಟು ದೊಡ್ಡದೊಂದು ಮರದ ಚೌಕಟ್ಟು ತೆಗೆದು ಮೇಜಿನ ಮೇಲಿಟ್ಟ. ಕಿಟಕಿ. ಎರಡು ಬಾಗಿಲು, ತೆರೆದು ಮುಚ್ಚಲು ತಂತಿಯ ಕೀಲು.

"ಎಲ್ಲಿ, ಗೋಡೆ ಇಳ್ಸು ಗುರಿಸಾ. ಅಳತೆ ಸರಿ ಇದ್ಯಾ ನೋಡೋಣ."

ನಾನು ಅಲುಗಾಡಲಿಲ್ಲ. ನೆಲ್ಬಾ ಅವನನ್ನು ಕೂರಿಸಿ ಆದೇಶವನ್ನು ಓದಿ ಹೇಳಿದರು. ಅವನು ಪೂರ್ತಿ ಕೇಳಿದ.

"ಯಾಕೆ ಅಂತ ಬರ್ದಿಲ್ವಲ್ಲ ಇದ್ರಲ್ಲಿ."

"ಕಾರಣ ನಾನು ಹೇಳೋ ಹಾಗಿಲ್ಲ, ಅಡೆಮಾರ್. ವಿಚಾರಣೆ ದಿನ ನಿಮ್ಮ ವಕೀಲ್ರಿಗೆ ಹೇಳ್ತಾರೆ."

"ಬೇಡ ಬಿಡಿ. ಆ ಕಾಗದ." ಅವನು ನನ್ನ ಕಡೆ ತಿರುಗಿದ. ಮೇಜಿನ ಮೇಲೆ ನನ್ನ ಮುಂದೆ ಪುಸ್ತಕ ತೆರೆದಿತ್ತು, ಪೆನ್ನು ಕೈಯಲ್ಲಿತ್ತು. "ನೀನು ಬರ್ದೆ."

"ಬರ್ದೆ."

"ಸರಿ. ನಿನ್ನ ಕೆಲ್ಸ ಅದು." ಕಿಟಕಿಯ ಒಂದು ಬಾಗಿಲನ್ನು ಬೆರಳಿನಿಂದ ತೆರೆದ, ಮುಚ್ಚಿದ. "ಓದಿದೆ, ಹೌದು. ಕಣ್ಣೆದುರು ತಂದಿಟ್ರೆ ಓದ್ದೆ ಇರೋಕಾಗುತ್ತಾ? ಓದಿ ಮಡಚ್ದೆ. ಇಡೀ ವಾರ ಆ ಊರು ತಲೇಲಿತ್ತು, ಅದನ್ನೂ ಬರ್ಕೋ. ಆದ್ರೆ ಹೋಗ್ಲಿಲ್ಲ. ಬಸ್ ನಿಲ್ದಾಣದ ಬೀದೀಗೂ ಕಾಲಿಡ್ಲಿಲ್ಲ."

ನೆಲ್ಬಾ ಆದೇಶವನ್ನು ಮಡಚಿ ಮೇಜಿನ ಮೇಲಿಟ್ಟರು.

"ಮುಂಚೆ ಎರಡು ಸಲ ಹೋಗಿ ನಿಂತಿದ್ದೆ. ಯಾವ ದಿನ, ಎಷ್ಟು ಹೊತ್ತು, ಯಾವ ಬಣ್ಣದ ಜಾಕೆಟ್ಟು, ಎಲ್ಲ ನಿಮ್ಮ ಕಡತದಲ್ಲಿದೆ. ಈ ಸಲ ಹೋಗ್ಲಿಲ್ಲ. ಅದು ಎಲ್ಲೂ ಇಲ್ಲ."

"ನೀವು ಹಾಗಂದ್ರಿ ಅಂತ ಬರೀತೀನಿ," ಎಂದೆ.

"ನಾನಂದಿದ್ದು ಯಾರಿಗೆ ಬೇಕು? ನಾನು ಏನೇನೋ ಅಂದಿದ್ದೀನಿ ಈ ಜನ್ಮದಲ್ಲಿ." ಅವನು ಎದ್ದು ನಿಂತ. ಕಪಾಟಿನಿಂದ ಫ್ಲಾಸ್ಕು ಇಳಿಸಿ ಬಗಲಿಗೆ ಸಿಕ್ಕಿಸಿಕೊಂಡ. ಕಿಟಕಿಯನ್ನು ಮೇಜಿನ ಮೇಲೆಯೇ ಬಿಟ್ಟ. ನೆಲ್ಬಾ ನನ್ನನ್ನು ನೋಡಿದರು. ನಾನು ಆ ದಿನದ ತಾರೀಕು ಬರೆದು ನಿಲ್ಲಿಸಿದ್ದ ಖಾಲಿ ಹಾಳೆಯನ್ನು ನೋಡಿದೆ. ಹಸಿರು ಬಾಗಿಲ ಹಿಡಿಕೆಯ ಮೇಲೆ ಕೈ ಇಟ್ಟು ಅವನು ತಿರುಗಿದ.

"'ಹೋಗ್ಲಿಲ್ಲ ಅಂದ' ಅಂತ ಅಲ್ಲ. 'ಅವನು ಹೋಗ್ಲಿಲ್ಲ' ಅಂತ ಬರಿ, ಗುರಿಸಾ."